ಸೀಳುಬಂಡೆಯೊಳಗಿನ ಕಂಚು

ನಾಣ್ಯವನ್ನು ಮುಟ್ಟಬಹುದು, ಓದಬಹುದು; ಗುಡ್ಡದಿಂದ ಕೆಳಗೆ ಮಾತ್ರ ತರುವಂತಿಲ್ಲ. ಗಂಡಸಿ ಊರಿನ ಕರಿಯಯ್ಯ ಈ ಮಾತು ತೆಗೆದುಕೊಂಡ ಮೇಲೇ ಅಕ್ಷತಾಳಿಗೆ ದಾರಿ ತೋರಿಸಲು ಹೊರಟಿದ್ದ.

ತಪ್ಪಿಸಿಕೊಂಡ ಮೇಕೆ ಹುಡುಕುವಾಗ ಅವನಿಗೆ ಬಂಡೆಯ ಸೀಳಿನಲ್ಲಿ ಎರಡು ಪುಟ್ಟ ಕಂಚಿನ ನಾಣ್ಯ ಸಿಕ್ಕಿದ್ದವು. ಗುಡ್ಡದಲ್ಲಿ ಸಿಕ್ಕಿದ್ದರಲ್ಲಿ ಅರ್ಧ ಗುಡ್ಡದಮ್ಮನಿಗೆ ಎಂದು ಒಂದನ್ನು ಅಲ್ಲೇ ಬಿಟ್ಟು ಬಂದ. ಮನೆಗೆ ತಂದದ್ದನ್ನು ಹೆಂಡತಿ ಕೆಂಪಲಕ್ಷ್ಮಮ್ಮ ದೇವರ ಸಾಮಾನಿನ ಜೊತೆ ಹುಣಸೆಹಣ್ಣು ಹಾಕಿ ಫಳಫಳ ಬೆಳಗಿಟ್ಟಳು. ಅಕ್ಷರಗಳೆಲ್ಲ ಹೋದವು; ಇಬ್ಬರು ಮನುಷ್ಯರ ಮಸುಕು ಗುರುತು ಮಾತ್ರ ಉಳಿಯಿತು.

ಅದು ರೋಮನ್ ನಾಣ್ಯವೆಂದು ಅನ್ನಿಸಿದ್ದು ಇತಿಹಾಸದಲ್ಲಿ ಎಂ.ಎ. ಮುಗಿಸಿ ಮನೆಯಲ್ಲಿದ್ದ ಅಕ್ಷತಾಳಿಗೆ ಮಾತ್ರ. ಜಿಲ್ಲೆಯ ಹಳೆಯ ನಾಣ್ಯಗಳ ಪಟ್ಟಿ ಮಾಡುತ್ತಿದ್ದ ಅರಸೀಕೆರೆಯ ನಿವೃತ್ತ ಮೇಷ್ಟ್ರು ಗಂಗಾಧರಯ್ಯ ಅಂದು ಬೆಳಿಗ್ಗೆ ಒಪ್ಪದೆ ತಲೆಯಾಡಿಸಿದ್ದರು. "ನಾಲ್ಕಕ್ಷರ ಓದಿ ತೋರ್ಸಮ್ಮ, ಸೇರಿಸ್ತೀನಿ. ನಾಳೆ ಪಟ್ಟಿ ಅಚ್ಚಿಗೆ ಹೋಗುತ್ತೆ."

ಹಗ್ಗ ಹೊತ್ತು ಚಿಕ್ಕಪ್ಪನ ಮಗ ಸತೀಶ್ ಜೊತೆಗೆ ಬಂದ. ಊರಿನ ತೆಂಗಿನ ತೋಟಗಳು ಕೆಳಗೆ ಹಸಿರು ಪಟ್ಟಿಯಾಗಿ ಉಳಿದವು. ಮೇಲೆ ಲಂಟಾನ, ಜಾಲಿ, ಆನೆಯ ಬೆನ್ನಿನಂಥ ಬಂಡೆಗಳ ಸಾಲು, ಒಣ ಹುಲ್ಲನ್ನು ಒಂದೇ ಕಡೆಗೆ ಬಾಚುತ್ತಿದ್ದ ಗಾಳಿ. ಸತೀಶ್ ತಮಾಷೆ ಮಾಡುತ್ತ ಮುಂದೆ ನಡೆದ. ಅವಳು ಎಂದಿನಂತೆ ಹಿಂದೆ.

ಸೀಳು ಕಿರಿದಾಗಿತ್ತು. ಸತೀಶನ ಭುಜ ಹಿಡಿಸಲಿಲ್ಲ. ಕರಿಯಯ್ಯನಿಗೆ ಫೋಟೊ ತೆಗೆಯಲು ಬಾರದು.

"ನೀನೇ ಇಳೀಬೇಕು ಕಣೇ."

ಅಡ್ಡಡ್ಡ ಜಾರಿದಳು. ಮೊಣಕೈ ತರಚಿತು. ಹಣೆಯ ಟಾರ್ಚ್ ಬೆಳಕಿಗೆ ಗೂಡಿನಂಥ ಒಂದು ಪೊಟರೆ ಕಂಡಿತು. ಅದರಲ್ಲಿ ಹಸಿರು ಕಿಲುಬಿನ ಬಿಲ್ಲೆ! ಫೋಟೊಗೆ ಮೊಬೈಲ್ ಎತ್ತಿದಳು.

ಮೇಲಿಂದ ಸತೀಶನ ಪಿಸುದನಿ. "ಕರಡಿ ಕಣೇ. ಲೈಟ್ ಆರ್ಸು. ಅಲ್ಲಾಡ್ಬೇಡ."

ಬೆಚ್ಚಿದಳು. ಮೊಬೈಲ್ ಜಾರಿ ಕೈಗೆಟುಕದ ಆಳಕ್ಕೆ ಬಿತ್ತು. ಟಾರ್ಚ್ ಆರಿಸಿದಳು.

"ಬಾಯ್ ಮುಚ್ಕೊಂಡು ಬಂಡೆ ಹತ್ತಲಾ ಸತೀಸ," ಕರಿಯಯ್ಯನ ದನಿ. "ಅದು ಗೆದ್ಲು ತಿನ್ನಾಕೆ ಬಂದೈತೆ, ನಿನ್ನಲ್ಲ."

ಆಮೇಲೆ ಮನುಷ್ಯರ ಸದ್ದೇ ಇಲ್ಲ. ಸೀಳಿನ ಬಾಯಲ್ಲೇ ಹುತ್ತ ಕೆದಕುವ ಉಗುರು. ಉಸ್ಸೆಂದು ಊದಿ ಹೀರುವ ಸದ್ದು. ಹಸಿ ಮಣ್ಣಿನ, ಕೊಳೆತ ಹಣ್ಣಿನ ನಾತ.

ಸುಮ್ಮನೆ ಕಾಯಲಾಗಲಿಲ್ಲ. ಕೈಗೆ ಕೆಲಸ ಬೇಕಿತ್ತು. ಜೇಬಿನ ದಿನಚರಿಯ ಒಂದು ಹಾಳೆಯನ್ನು ಕತ್ತಲಲ್ಲೇ ನಾಣ್ಯದ ಮೇಲೆ ಒತ್ತಿ, ಪೆನ್ಸಿಲನ್ನು ಓರೆಯಾಗಿ, ಮೆಲ್ಲಗೆ ಉಜ್ಜಿದಳು. ಹೆಬ್ಬೆರಳಿಗೆ ನಾಣ್ಯದ ಮೇಲಿನ ಒಬ್ಬ ಮನುಷ್ಯ ಸಿಕ್ಕಿದ. ಪಕ್ಕದಲ್ಲಿ ಇನ್ನೊಬ್ಬ. ಸಮುದ್ರ ದಾಟಿ ಬಂದು ಈ ಕಲ್ಲಿನ ಸಂದಿಯಲ್ಲಿ ನಿಂತವರು. ಎಷ್ಟೋ ವರ್ಷಗಳಿಂದ ಅವರನ್ನು ಯಾರೂ ಮಾತಾಡಿಸಿಲ್ಲ ಎನ್ನಿಸಿ ಅವಳ ಉಸಿರು ಹತೋಟಿಗೆ ಬಂತು.

ಉಗುರಿನ ಸದ್ದು ದೂರವಾಯಿತು.

"ಹೋಯ್ತು ಕಣವ್ವ, ಬಾ."

ಟಾರ್ಚ್ ಹಚ್ಚಿದಳು. ಹಾಳೆಯ ಮೇಲೆ ಈಟಿ ಹಿಡಿದ ಇಬ್ಬರು ಸೈನಿಕರು, ನಡುವೆ ಒಂದೇ ಧ್ವಜ. ಸುತ್ತ ಲ್ಯಾಟಿನ್ ಅಕ್ಷರಗಳು: ಗ್ಲೋರಿಯಾ, ಅಂದರೆ ಕೀರ್ತಿ. ಮುಂದಿನವು ಅರೆಬರೆ; ಆದರೂ ಓದಿದ ನೆನಪಿನಿಂದ ಕೂಡಿಸಿಕೊಂಡಳು. ಸೇನೆಯ ಕೀರ್ತಿ! ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನನ ಕೊನೆಯ ವರ್ಷಗಳು, ಇಲ್ಲವೇ ಅವನ ಮಕ್ಕಳ ಕಾಲ.

ನಾಣ್ಯವನ್ನು ಪೊಟರೆಯಲ್ಲೇ ಇಟ್ಟು, ಹಗ್ಗ ಹಿಡಿದು ಮೇಲೆ ಬಂದಳು. ಕರಿಯಯ್ಯ ಅವಳ ಖಾಲಿ ಕೈ ನೋಡಿದ, ತರಚಿದ ಮೊಣಕೈಗೆ ನೀರು ಸುರಿದ.

ಮರುದಿನ ಗಂಗಾಧರಯ್ಯ ಭೂತಗನ್ನಡಿ ಹಿಡಿದು ಹಾಳೆಯನ್ನೂ ಬೆಳಗಿದ ನಾಣ್ಯವನ್ನೂ ಬಹಳ ಹೊತ್ತು ನೋಡಿದರು. ಎರಡರಲ್ಲೂ ಅದೇ ಇಬ್ಬರು. ಪೆನ್ನು ತೆಗೆದರು.

"ಸಿಕ್ಕಿದ್ದು ಯಾರಿಗೆ?"

"ಕರಿಯಯ್ಯನೋರಿಗೆ."

"ಓದಿದ್ದು?"

ಅವಳು ತನ್ನ ಹೆಸರು ಹೇಳಿದಳು. ಫ್ಯಾನಿನ ಸದ್ದಿಗೆ ಅವರಿಗೆ ಕೇಳಿಸಲಿಲ್ಲ.

"ಜೋರಾಗಿ ಹೇಳಮ್ಮ."

ಅವಳು ಜೋರಾಗಿ ಹೇಳಿದಳು.