ಎಪ್ಪತ್ತು ರಾತ್ರಿಗಳ ಗಂಡ

ಡೆನ್ಜಿಲ್ ನನ್ನ ಗಂಡನಲ್ಲ. ವರ್ಷಕ್ಕೆ ಎಪ್ಪತ್ತು ರಾತ್ರಿ ಮಾತ್ರ ಗಂಡ. ಉಳಿದ ದಿನಗಳಲ್ಲಿ ಅವನು ಲಿಂಕನ್ ಊರಿನ ತನ್ನ ಮನೆಯಲ್ಲಿರುತ್ತಾನೆ, ನಾನು ಲೆಸ್ಟರಿನ ನನ್ನ ಫ್ಲ್ಯಾಟಿನಲ್ಲಿ. ಕ್ರಿಸ್‌ಮಸ್ಸಿಗೆ ಒಂದು ಕಾರ್ಡು ಬರುತ್ತದೆ, ಒಂದು ಹೋಗುತ್ತದೆ. ಅಷ್ಟೇ.

ನಮ್ಮ ಕೆಲಸ ಏನೆಂದು ಹೇಳಿದರೆ ಜನ ಹೊಟ್ಟೆಕಿಚ್ಚು ಪಡುತ್ತಾರೆ. ಇಂಗ್ಲೆಂಡ್ ದೇಶದ ಹೋಟೆಲುಗಳಲ್ಲಿ, ಇನ್ ಎಂಬ ಹಳ್ಳಿಗಾಡಿನ ಹಳೆಯ ತಂಗುಮನೆಗಳಲ್ಲಿ ಒಂದೊಂದು ರಾತ್ರಿ ತಂಗಿ, ಉಂಡು, ಮಲಗಿ, ವರ್ಷಕ್ಕೊಮ್ಮೆ ಬರುವ ಒಂದು ಪುಸ್ತಕಕ್ಕಾಗಿ ಅವುಗಳಿಗೆ ಅಂಕ ಕೊಡುವುದು. 'ಅಬ್ಬಾ, ಏನು ಪುಣ್ಯ ಮಾಡಿದ್ರಿ!' ಅನ್ನುತ್ತಾಳೆ ನನ್ನ ತಂಗಿ. ಪುಣ್ಯ ಯಾವುದೆಂದು ನನ್ನ ಸೊಂಟವನ್ನು ಕೇಳಬೇಕು. ನಡುವೆ ತಗ್ಗಾದ ಹಾಸಿಗೆಗಳು, ಒಂದು ಕಡೆ ಸುಡುನೀರು ಇನ್ನೊಂದು ಕಡೆ ಮಂಜುನೀರು ಸುರಿಸುವ ಎರಡೆರಡು ನಲ್ಲಿಗಳು, ತಲೆ ಬಗ್ಗಿಸಿಯೇ ಹೊಗಬೇಕಾದ ಬಾಗಿಲುಗಳು. ಬೆಳಗ್ಗೆ ಎದ್ದಾಗ ಕಿಟಕಿ ಯಾವ ಕಡೆಗಿದೆ ಎಂದು ನೆನಪಾಗಲು ಹೊತ್ತು ಬೇಕು.

ನಾವು ಯಾರೆಂದು ಅವರಿಗೆ ಗೊತ್ತಾಗಬಾರದು. ಒಂಟಿ ಹೆಂಗಸು ಪುಸ್ತಕ ಪೆನ್ನು ಹಿಡಿದು ಊಟಕ್ಕೆ ಕೂತರೆ ಅಡುಗೆಮನೆಗೆ ತಕ್ಷಣ ಸುದ್ದಿ ಮುಟ್ಟುತ್ತದೆ. ಐವತ್ತರ ಆಸುಪಾಸಿನ ಗಂಡ ಹೆಂಡತಿಯನ್ನು ಮಾತ್ರ ಯಾರೂ ತಿರುಗಿ ನೋಡುವುದಿಲ್ಲ. ಅದಕ್ಕೇ ಆರು ವರ್ಷದ ಹಿಂದೆ ಆಫೀಸಿನವರು ನಮ್ಮಿಬ್ಬರನ್ನೂ ಮಿಸ್ಟರ್ ಮತ್ತು ಮಿಸೆಸ್ ಪಾರ್ಜಿಟರ್ ಮಾಡಿದರು. ಅವನು ಕೆನೆತ್, ನಾನು ಡೋರೀನ್. ಒಂದೇ ರೂಮು, ಎರಡು ಒಂಟಿ ಮಂಚ. 'ನನ್ನದು ಹಾಳು ಬೆನ್ನುನೋವು' ಎಂದು ಕೆನೆತ್ ಪ್ರತಿ ಊರಿನಲ್ಲೂ ಮುಖ ಕಿವುಚುತ್ತಾನೆ. ಅವನ ಬೆನ್ನಿಗೆ ಏನೂ ಆಗಿಲ್ಲ.

ಜನರೆದುರು ನನ್ನನ್ನು 'ಡಿಯರ್' ಅನ್ನುತ್ತಾನೆ, ಕೋಟು ತೊಡಿಸುತ್ತಾನೆ, ನನ್ನ ಚಹಾಕ್ಕೆ ಎಷ್ಟು ಹಾಲು ಎಂದು ಹುಡುಗಿಯರಿಗೆ ಹೇಳಿಕೊಡುತ್ತಾನೆ. ಬಾಗಿಲು ಮುಚ್ಚಿದ ಕೂಡಲೇ ಬರೀ ಸಹೋದ್ಯೋಗಿ. ಅವನು ಬೀರುವಿನ ಮೇಲೆ ಬೆರಳಾಡಿಸಿ ಧೂಳು ನೋಡುತ್ತಾನೆ, ನಾನು ದಿಂಬಿನ ಗವಸು ಬಿಚ್ಚಿ ಒಳಗಿನ ಬಟ್ಟೆ ನೋಡುತ್ತೇನೆ. ಆಮೇಲೆ ಇಬ್ಬರೂ ಬೆನ್ನು ತಿರುಗಿಸಿ ಕೂತು ನಮ್ಮ ನಮ್ಮ ವರದಿ ಬರೆಯುತ್ತೇವೆ.

ಕಸುಬಿನ ಮೊದಲ ನೇಮ ಒಂದಿದೆ. 'ಎಲ್ಲಾ ಚೆನ್ನಾಗಿದೆಯಾ?' ಎಂದು ಯಾರು ಕೇಳಿದರೂ 'ತುಂಬಾ ಚೆನ್ನಾಗಿದೆ, ಥ್ಯಾಂಕ್ಯೂ' ಅನ್ನಬೇಕು. ನಿಜ ಬರೆಯುವುದು ವರದಿಯಲ್ಲಿ. ಇದನ್ನು ಕಲಿಯಲು ನಮಗೆ ಕಷ್ಟವಾಗಲಿಲ್ಲ. ತಟ್ಟೆಯಲ್ಲಿ ಕಪ್ಪೆ ಕುಪ್ಪಳಿಸಿದರೂ 'ಲವ್ಲಿ' ಎನ್ನುವ ಜನ ನಾವು ಇಂಗ್ಲಿಷರು. ಮನೆಗೆ ಹೋಗಿ ಆರು ತಿಂಗಳು ಆ ಕಪ್ಪೆಯ ಬಗ್ಗೆ ಗೊಣಗುತ್ತೇವೆ, ಅದು ಬೇರೆ ವಿಷಯ.

ಹೀಗಾಗಿ ಬಾಯಲ್ಲಿ ಬಂದದ್ದು ಸುಳ್ಳು, ಕಾಗದದ ಮೇಲಿರುವುದೇ ನಿಜ ಎಂಬ ಅಭ್ಯಾಸ ನನಗೆ ಹತ್ತಿಬಿಟ್ಟಿತ್ತು. ಈ ಸಲದ ಪ್ರವಾಸದಲ್ಲಿ, ಶ್ರಾಪ್‌ಶೈರ್ ಕಡೆಯ ಒಂದು ಇನ್‌ನಲ್ಲಿ, ಸೂಪು ತಂದ ಹುಡುಗಿಗೆ ಡೆನ್ಜಿಲ್ ಇದ್ದಕ್ಕಿದ್ದಂತೆ ಹೇಳಿದ: "ನನ್ನ ಹೆಂಡ್ತೀನ ನೋಡ್ತಿರಮ್ಮ. ನಗೋವಾಗ ಮೊದಲು ಎಡಗಣ್ಣು ನಗುತ್ತೆ. ಬಲಗಣ್ಣು ಇನ್ನೂ ಯೋಚನೆ ಮಾಡ್ತಿರುತ್ತೆ."

ಹುಡುಗಿ ನನ್ನ ಮುಖವನ್ನೇ ನೋಡುತ್ತಾ ನಿಂತಳು. ನಾನು ನಗಬಾರದೆಂದು ತುಟಿ ಕಚ್ಚಿ ಹಿಡಿದೆ. ಡೆನ್ಜಿಲ್ ಮೇಜಿನ ಮೇಲೆ ಮೊಣಕೈಯೂರಿ, ತಲೆ ವಾರೆ ಮಾಡಿ, ನನ್ನ ಎಡಗಣ್ಣನ್ನೇ ಕಾಯುತ್ತಾ ಕೂತ. ಕಾದ, ಕಾದ, ಕೊನೆಗೆ ಹುಬ್ಬು ಮಾತ್ರ ಒಂಚೂರು ಎತ್ತಿದ. ನಾನು ಸೋತು ನಕ್ಕುಬಿಟ್ಟೆ.

"ನೋಡಿದ್ಯಾ?" ಎಂದ ಹುಡುಗಿಗೆ, ಪಂದ್ಯ ಗೆದ್ದವನ ಹಾಗೆ.

ರೂಮಿಗೆ ಬಂದ ಮೇಲೆ ಕೇಳಿದೆ: "ಅದನ್ನ ಯಾಕೆ ಹೇಳಿದ್ರಿ?"

"ಗಂಡಂದಿರು ಹಾಗೆಲ್ಲ ಹೇಳ್ತಾರಲ್ವಾ?" ಅವನು ಗೋಡೆಯ ಕಡೆ ತಿರುಗಿ ಶೂ ಬಿಚ್ಚುತ್ತಿದ್ದ.

"ಹೇಳಲ್ಲ. ನನ್ನವರು ಹದಿನಾಲ್ಕು ವರ್ಷದಲ್ಲಿ ಒಂದ್ಸಲಾನೂ ಹೇಳ್ಲಿಲ್ಲ."

"ನಾಟಕ ಸ್ವಲ್ಪ ಜಾಸ್ತಿ ಆಯ್ತೇನೋ ಹಾಗಾದ್ರೆ. ಕ್ಷಮಿಸಿ, ಮಿಸೆಸ್ ಬ್ರೇಲ್ಸ್‌ಫರ್ಡ್."

ಮಿಸೆಸ್ ಬ್ರೇಲ್ಸ್‌ಫರ್ಡ್ ಅಂದರೆ ನಾನೇ. ಹೆಸ್ಟರ್ ಬ್ರೇಲ್ಸ್‌ಫರ್ಡ್. ಗಂಡ ಬಿಟ್ಟುಹೋಗಿ ಹನ್ನೆರಡು ವರ್ಷವಾದರೂ ಅವನ ಹೆಸರು ನನ್ನನ್ನು ಬಿಟ್ಟಿಲ್ಲ. ಅವತ್ತು ದೀಪ ಆರಿಸಿದ ಮೇಲೂ ನನ್ನ ಎಡಗಣ್ಣು ನಗುತ್ತಲೇ ಇತ್ತು ಅಂದರೆ ನಾಚಿಕೆ, ಆದರೆ ಅದೇ ನಿಜ.

ಎರಡು ದಿನ ಬಿಟ್ಟು ಆಫೀಸಿನಿಂದ ಪ್ರುನೆಲ್ಲಾಳ ಫೋನು ಬಂತು. ನಮ್ಮ ಪ್ರವಾಸಗಳನ್ನು ಗೊತ್ತುಮಾಡುವವಳು ಅವಳೇ. ಡೆನ್ಜಿಲ್ ಕಾರಿಗೆ ಪೆಟ್ರೋಲ್ ಹಾಕಿಸುತ್ತಿದ್ದ.

"ಹೆಸ್ಟರ್, ಮುಂದಿನ ವರ್ಷಕ್ಕೆ ನಿಮಗೆ ಯಾರನ್ನ ಹಾಕ್ಲಿ? ರೂಪರ್ಟ್ ಆಗ್ತಾನಾ? ಸ್ವಲ್ಪ ಗೊರಕೆ ಹೊಡೀತಾನಂತೆ."

"ನನಗೆ ಡೆನ್ಜಿಲ್ ಇದ್ದಾರಲ್ಲ."

"ಅಯ್ಯೋ. ನಿಮಗೆ ಗೊತ್ತಿದೆ ಅಂದ್ಕೊಂಡೆ ಕಣ್ರೀ. ನಿಮ್ಮ ಜೊತೆ ಇನ್ನು ಹಾಕ್ಬೇಡಿ ಅಂತ ಅವರು ಕಾಗದ ಬರೆದಿದ್ದಾರೆ. ಕಾರಣ ಏನೂ ಬರೆದಿಲ್ಲ. ನಾನು ಹೇಳ್ದೆ ಅಂತ ದಯವಿಟ್ಟು..."

"ಪರವಾಗಿಲ್ಲ ಪ್ರುನೆಲ್ಲಾ. ರೂಪರ್ಟ್ ಆಗಬಹುದು. ಲವ್ಲಿ."

ಡೆನ್ಜಿಲ್ ಕಾರಿನೊಳಗೆ ಬಂದು ಕೂತ. "ಯಾರು ಫೋನು?"

"ನನ್ನ ತಂಗಿ," ಎಂದೆ.

ಕಾಗದ ಬರೆದಿದ್ದ. ಬಾಯಲ್ಲಿ ಹೇಳಿದ್ದರೆ ನಂಬುತ್ತಿರಲಿಲ್ಲವೇನೋ. ಆರು ವರ್ಷ ನನ್ನ ಕೆಮ್ಮು, ನನ್ನ ಮುಲಾಮಿನ ವಾಸನೆ, ದಿಂಬಿನ ಬಗ್ಗೆ ನನ್ನ ಭಾಷಣ ಎಲ್ಲವನ್ನೂ ಸಹಿಸಿ ಸಾಕಾಗಿದ್ದೀತು. ತಪ್ಪೇನು? ನನಗೇ ನಾನು ಸಾಕಾಗಿದ್ದೆ. ಆದರೆ ಆ ಎಪ್ಪತ್ತು ರಾತ್ರಿಗಳಿಗಾಗಿ ನಾನು ಉಳಿದ ಮುನ್ನೂರು ಚಿಲ್ಲರೆ ದಿನಗಳನ್ನು ದೂಡುತ್ತಿದ್ದೆ ಎಂದು ಆ ಪೆಟ್ರೋಲ್ ಬಂಕಿನಲ್ಲೇ ನನಗೆ ತಿಳಿದದ್ದು. ಈ ವಯಸ್ಸಿನಲ್ಲಿ ತಿಳಿಯಬೇಕಿತ್ತೇ ಇದು?

ಇನ್ನು ನಾಲ್ಕು ಹೋಟೆಲು ಉಳಿದಿದ್ದವು. ಅವನು ಇವತ್ತು ಹೇಳುತ್ತಾನೆ, ನಾಳೆ ಹೇಳುತ್ತಾನೆ ಎಂದು ಕಾದೆ. ಒಂದು ಕಡೆ ರೇಡಿಯೇಟರ್ ರಾತ್ರಿಯಿಡೀ ಟಣ್ ಟಣ್ ಎಂದು ಬಡಿದುಕೊಂಡಿತು. ಇನ್ನೊಂದು ಕಡೆ ಷವರಿನಿಂದ ಹನಿ ಬೀಳುವುದೇ ದೊಡ್ಡ ಕೃಪೆ. ಮೂರನೆಯ ಕಡೆ ಕಾರ್ಪೆಟ್ಟಿನಿಂದ ಯಾರದೋ ನಾಯಿಯ ವಾಸನೆ. ಡೆನ್ಜಿಲ್ ಬಾಯಿಬಿಡಲಿಲ್ಲ. ಬದಲಿಗೆ ಇನ್ನೂ ಮೆತ್ತಗಾದ. ರೂಮಿನ ಟ್ರೇಯಲ್ಲಿಟ್ಟ ಬಿಸ್ಕತ್ತಿನಲ್ಲಿ ತನ್ನ ಪಾಲನ್ನೂ ನನಗೇ ಇಟ್ಟ. "ಕಾಲು ತಣ್ಣಗಿದೆಯಾ? ನನ್ನ ಹೊದಿಕೆ ತಗೊಳ್ಳಿ," ಎಂದ.

"ಬೇಡ. ನನಗೇನೂ ಬೇಡ."

"ಏನಾದ್ರೂ ಬೇಜಾರಾ, ಮಿಸೆಸ್ ಬ್ರೇಲ್ಸ್‌ಫರ್ಡ್?"

"ಇಲ್ಲ. ಆಯಾಸ ಅಷ್ಟೇ."

ಸುಳ್ಳೂ ಅಲ್ಲ. ಮೂಳೆಯೊಳಗಿನ ಆಯಾಸ ಅದು. ದಿನವೂ ಪೆಟ್ಟಿಗೆ ಬಿಚ್ಚಿ ಮತ್ತೆ ಕಟ್ಟುವುದರಿಂದ ಬಂದದ್ದೆಂದು ಇಷ್ಟು ವರ್ಷ ತಿಳಿದಿದ್ದೆ.

ಕೊನೆಯ ಇನ್ ನಾರ್ಫೋಕ್ ಕಡಲಂಚಿನ ಒಂದು ಹಳ್ಳಿಯಲ್ಲಿ. ಹೆಸರು ಬೇಡ. ಮಿಸೆಸ್ ಗೆಡ್ಜ್ ಎಂಬ ವಿಧವೆ ಒಬ್ಬಳೇ ನಡೆಸುತ್ತಾಳೆ, ಪಾಪ, ಒಳ್ಳೆಯ ಹೆಂಗಸು. ಹಾಸಿಗೆ ತೇವವಾಗಿತ್ತು. ಬೆಳಗ್ಗೆ ಎಂಟಕ್ಕೆ ತಿಂಡಿಗೆ ಇಳಿದೆವು.

ಇಂಥ ಕಡೆಯ ತಿಂಡಿಕೋಣೆ ಗೊತ್ತಲ್ಲ, ಅಲ್ಲಿ ಯಾರೂ ಜೋರಾಗಿ ಮಾತಾಡುವುದಿಲ್ಲ. ಸಾವಿನ ಮನೆಯಲ್ಲಿ ಕೂತ ಹಾಗೆ ಗಂಡ ಹೆಂಡತಿ ಪಿಸುಗುಟ್ಟುತ್ತಾರೆ, ಟೋಸ್ಟಿಗೆ ಬೆಣ್ಣೆ ಸವರುವ ಕರಕರ ಸದ್ದಿಗೂ ಕ್ಷಮೆ ಕೇಳುವವರ ಮುಖ ಮಾಡುತ್ತಾರೆ. ಅಂದು ಕಿಟಕಿಯ ಬಳಿ ನಿವೃತ್ತ ಸೈನಿಕನಂಥ ಒಬ್ಬ ಮೀಸೆಯ ಮುದುಕ, ಒಲೆಯ ಪಕ್ಕ ಪಕ್ಷಿ ನೋಡಲು ಬಂದ ಇಬ್ಬರು ಅಕ್ಕತಂಗಿಯರು. ನನ್ನ ಮುಂದೆ ತಣ್ಣಗಾದ ಮೀನು. ಎದುರಿಗೆ ಡೆನ್ಜಿಲ್, ನನ್ನ ಕಪ್ಪಿಗೆ ಸರಿಯಾಗಿ ನನಗೆ ಬೇಕಾದಷ್ಟೇ ಹಾಲು ಹಾಕುತ್ತಿದ್ದ.

ಆ ಹಾಲನ್ನು ನೋಡಿದ್ದೇ ತಡ, ನನ್ನೊಳಗೆ ಏನೋ ಕಿತ್ತುಕೊಂಡಿತು. ಮುಂದಿನ ವರ್ಷ ಈ ಹೊತ್ತಿಗೆ ರೂಪರ್ಟ್ ಇರುತ್ತಾನೆ. ಅವನಿಗೆ ಹಾಲಿನ ಲೆಕ್ಕ ಮೊದಲಿನಿಂದ ಹೇಳಿಕೊಡಬೇಕು.

ಮಿಸೆಸ್ ಗೆಡ್ಜ್ ಏಪ್ರನ್ನಿಗೆ ಕೈ ಒರೆಸುತ್ತಾ ಬಂದಳು. "ಎಲ್ಲಾ ಚೆನ್ನಾಗಿದೆಯಾ ತಾಯಿ?"

"ಇಲ್ಲ," ಎಂದೆ.

ಬೆಣ್ಣೆ ಸವರುವ ಸದ್ದು ನಿಂತಿತು.

"ಏನಂದ್ರಿ?"

"ಚೆನ್ನಾಗಿಲ್ಲ. ಮೀನು ತಣ್ಣಗಿದೆ. ಹಾಸಿಗೆ ಒದ್ದೆ. ನಿಮ್ಮ ಮೆಟ್ಟಿಲಲ್ಲಿ ಮೂರನೇದು ಮುರಿದಿದೆ, ಯಾರಾದ್ರೂ ಕಾಲು ಮುರ್ಕೋತಾರೆ. ಅದೆಲ್ಲ ಹೋಗ್ಲಿ, ಮಿಸೆಸ್ ಗೆಡ್ಜ್. ಈ ಮನುಷ್ಯನಿಗೆ ನಾನು ಸಾಕಾಗಿದ್ದೀನಿ. ಅದನ್ನ ನನ್ನ ಮುಖ ನೋಡಿ ಹೇಳೋ ಯೋಗ್ಯತೆ ಇಲ್ಲದೆ ಆಫೀಸಿಗೆ ಕಾಗದ ಬರೆದಿದ್ದಾನೆ. ಬರೆದು, ಇಲ್ಲಿ ಕೂತು ನನ್ನ ಚಹಾಕ್ಕೆ ಹಾಲು ಹಾಕ್ತಾನೆ!"

ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಇಂಗ್ಲೆಂಡಿನಲ್ಲಿ ಹುಟ್ಟಿ ಐವತ್ತನಾಲ್ಕು ವರ್ಷವಾದ ಮೇಲೆ ಮೊದಲ ಬಾರಿಗೆ ನಾನು ಹೋಟೆಲಿನಲ್ಲಿ ದೂರು ಕೊಟ್ಟಿದ್ದೆ. ಅಕ್ಕತಂಗಿಯರು ತಟ್ಟೆಯೊಳಗೆ ಮುಖ ಹುದುಗಿಸಿದರು. ಮಿಸೆಸ್ ಗೆಡ್ಜ್ ನಿಂತಲ್ಲೇ ಕಂಬವಾದಳು.

ಡೆನ್ಜಿಲ್ ಹಾಲಿನ ಜಗ್ಗನ್ನು ಕೆಳಗಿಟ್ಟ. ಅವನ ಕಿವಿಗಳು ಕೆಂಪಾಗಿದ್ದವು.

"ಹೆಸ್ಟರ್," ಎಂದ.

ಡೋರೀನ್ ಅನ್ನಲಿಲ್ಲ. ಎಲ್ಲರೂ ಕೇಳುವಂತೆ, ನನ್ನ ಹೆಸರು. ಆರು ವರ್ಷದಲ್ಲಿ ಅವನ ಬಾಯಿಂದ ಅದನ್ನು ಕೇಳಿರಲೇ ಇಲ್ಲ.

"ನೀನು ಸಾಕಾಗಿದ್ದಲ್ಲ, ಹೆಸ್ಟರ್. ನಾಟಕ ಸಾಕಾಯ್ತು. ಹಗಲೆಲ್ಲ ನಿನ್ನ ಡಿಯರ್ ಅಂತ ಕರೆದು, ಬಾಗಿಲು ಮುಚ್ಚಿದ ತಕ್ಷಣ ಮಿಸೆಸ್ ಬ್ರೇಲ್ಸ್‌ಫರ್ಡ್ ಅಂದು ಗೋಡೆ ಕಡೆ ತಿರುಗಿ ಮಲಗೋದು... ಇನ್ನು ನನ್ನ ಕೈಲಾಗಲ್ಲ. ಡಿಯರ್ ಅಂದಾಗೆಲ್ಲ ನಿಜವಾಗ್ಲೂ ಅಂದೆ. ಸುಳ್ಳು ಹೇಳ್ತಿದ್ದದ್ದು ರೂಮಿನೊಳಗೆ."

"ನನಗೇ ಹೇಳ್ಬಹುದಿತ್ತಲ್ಲ, ಮಾರಾಯ!"

"ನಿನಗೆ ಮುಜುಗರ ಆಗುತ್ತೆ ಅಂತ ಸುಮ್ಮನಾದೆ. ನೀನು ಬೇಡ ಅಂದಿದ್ರೆ ಉಳಿದ ರಾತ್ರಿಗಳನ್ನೆಲ್ಲ ಒಂದೇ ರೂಮಿನಲ್ಲಿ ಕಳೀಬೇಕಿತ್ತಲ್ಲ. ನಿನಗೆ ತೊಂದರೆ."

"ತೊಂದರೆ!" ನನಗೆ ಅಳು ಬಂತು, ನಗುವೂ ಬಂತು. "ಬೇರೆಯವರ ಜೊತೆ ಹಾಕಿ ಅಂತ ಬರೆದಾಗ ನನಗೆ ತೊಂದರೆ ಆಗಲ್ಲ ಅಂದ್ಕೊಂಡ್ಯಾ? ನಾಲ್ಕು ದಿನದಿಂದ ಸತ್ತು ಬದುಕ್ತಿದ್ದೀನಿ ನಾನು. ನಿನಗಿಂತ ಆ ನಾಯಿ ವಾಸನೆಯ ಕಾರ್ಪೆಟ್ಟು ವಾಸಿ ಕಣೋ."

"ಹಾಗಾದ್ರೆ..." ಎಂದು ತಡವರಿಸಿದ.

ಕಿಟಕಿಯ ಬಳಿಯ ಮೀಸೆಯ ಮುದುಕ ಗಂಟಲು ಸರಿಮಾಡಿಕೊಂಡ. "ಕೇಳಿಬಿಡಪ್ಪಾ. ನಮ್ಮೆಲ್ಲರ ಟೋಸ್ಟೂ ಆರಿಹೋಗ್ತಾ ಇದೆ."

ಡೆನ್ಜಿಲ್ ಎದ್ದು ನಿಂತ. ತಿಂಡಿಯ ನ್ಯಾಪ್ಕಿನ್ನು ಅವನ ಅಂಗಿಯ ಕಾಲರಿನಲ್ಲೇ ಸಿಕ್ಕಿಕೊಂಡಿತ್ತು. "ನಾನು ನಿನ್ನ ಪ್ರೀತಿಸ್ತೀನಿ, ಹೆಸ್ಟರ್. ಎರಡನೇ ವರ್ಷದಿಂದಾನೇ. ಕ್ಷಮಿಸು."

ಪ್ರೀತಿ ಹೇಳಿ ಕ್ಷಮೆ ಕೇಳುವ ಗಂಡಸರು ನಮ್ಮ ದೇಶದಲ್ಲಿ ಮಾತ್ರ ಇರಬೇಕು.

"ನಾನೂ ಅಷ್ಟೇ," ಎಂದೆ. "ಯಾವ ವರ್ಷದಿಂದ ಅಂತ ಕೇಳ್ಬೇಡ, ನಾನು ಮಂಕು, ಪೆಟ್ರೋಲ್ ಬಂಕಿನಲ್ಲಿ ಗೊತ್ತಾಯ್ತು. ಕೂತ್ಕೋ. ಎಲ್ಲರೂ ನೋಡ್ತಿದ್ದಾರೆ."

ಅವನು ಕೂರಲಿಲ್ಲ. ಮೇಜು ಸುತ್ತಿ ಬಂದು ನನ್ನ ಕೈ ಹಿಡಿದುಕೊಂಡ. ದಿನವೂ ಕಾರಿನ ಗೇರ್ ಹಿಡಿಯುವ ಆ ಒರಟು ಕೈಯನ್ನು ನಾನು ಅದುವರೆಗೆ ಮುಟ್ಟಿರಲಿಲ್ಲ.

ಮಿಸೆಸ್ ಗೆಡ್ಜ್ ಕಣ್ಣೊರೆಸಿಕೊಂಡು, "ಅಂದ್ರೆ ನೀವಿಬ್ರೂ ಗಂಡ ಹೆಂಡ್ತಿ ಅಲ್ವಾ?" ಎಂದಳು. ಅಲ್ಲ ಎಂದೆವು. ನಾವು ಯಾರೆಂದೂ ಹೇಳಿದೆವು. ಗುಟ್ಟು ಬಿಟ್ಟುಕೊಟ್ಟ ಮೇಲೆ ಆ ಇನ್‌ಗೆ ನಾವು ಅಂಕ ಕೊಡುವಂತಿಲ್ಲ. ಅವಳಿಗೆ ಅದು ಒಳ್ಳೆಯದೇ ಆಯಿತು. ಮೆಟ್ಟಿಲನ್ನು ಇವತ್ತೇ ರಿಪೇರಿ ಮಾಡಿಸುತ್ತೇನೆಂದು ಆಣೆ ಮಾಡಿ, ಬಿಸಿ ಮೀನು ತರಲು ಓಡಿದಳು.

ಕಾರಿನಲ್ಲಿ ಕೂತ ಮೇಲೆ ಡೆನ್ಜಿಲ್ ಕೇಳಿದ: "ಲೆಸ್ಟರಿಗೆ ಬಿಡಲಾ?"

"ನನಗೆ ಹೋಟೆಲು ಸಾಕಾಗಿದೆ, ಡೆನ್ಜಿಲ್. ನನ್ನ ಫ್ಲ್ಯಾಟೂ ಸಾಕಾಗಿದೆ. ಅದೂ ಒಂಥರಾ ಹೋಟೆಲೇ. ನಿನ್ನ ಮನೆಗೆ ಕರ್ಕೊಂಡು ಹೋಗು."

"ಮನೆ ಚೊಕ್ಕಟವಾಗಿಲ್ಲ."

"ಸುಮ್ಮನೆ ಹೊರಡೋ."

ನಾನೂರು ರೂಮುಗಳಲ್ಲಿ ಜೊತೆಗಿದ್ದವರು ಒಬ್ಬರ ಅಡುಗೆಮನೆಯನ್ನು ಇನ್ನೊಬ್ಬರು ನೋಡಿರಲಿಲ್ಲ. ಮಧ್ಯಾಹ್ನ ಲಿಂಕನ್ ಮುಟ್ಟಿದೆವು. ಸಾಲುಮನೆಗಳಲ್ಲಿ ಒಂದು ಇಟ್ಟಿಗೆಯ ಮನೆ. ಒಳಗೆ ಹತ್ತು ದಿನದ ತಂಪು, ಸಿಂಕಿನಲ್ಲಿ ಒಂದೇ ಒಂದು ತೊಳೆಯದ ಕಪ್ಪು, ಒಂದೇ ಒಂದು ತಟ್ಟೆ. ಅವನು ನಾಚಿ ಅವೆರಡನ್ನೂ ಬೇಗ ಬೇಗ ತೊಳೆಯತೊಡಗಿದ. ನಾನು ಕೋಟು ಸಹ ಬಿಚ್ಚದೆ ಅಡುಗೆಮನೆಯ ಹಳೆಯ ಒರಗುಕುರ್ಚಿಯಲ್ಲಿ ಕೂತೆ. ಹಾಗೇ ನಿದ್ದೆ ಹೋದೆ.

ಎಚ್ಚರವಾದಾಗ ಕಾಲ ಮೇಲೆ ಕಂಬಳಿ ಹೊದಿಸಿತ್ತು, ಒಲೆ ಬಿಸಿಯಾಗಿತ್ತು. ಡೆನ್ಜಿಲ್ ಮೇಜಿನ ಮುಂದೆ ಕೂತು ಆಲೂಗೆಡ್ಡೆ ಸುಲಿಯುತ್ತಿದ್ದ. ನಾನು ನೋಡುತ್ತಿರುವುದು ತಿಳಿದು ಕೈ ನಿಂತಿತು.

"ಎಷ್ಟು ದಿನ ಇರ್ತೀಯ?" ತಲೆ ಎತ್ತದೆ ಕೇಳಿದ.

"ಇನ್ನೂ ನಾಲ್ಕು ಆಲೂಗೆಡ್ಡೆ ಸುಲಿ," ಎಂದೆ. "ನಾಳೆಗೂ ಆಗುತ್ತೆ, ನಾಡಿದ್ದಿಗೂ ಆಗುತ್ತೆ."

ಅವನು ಎದ್ದು ಬುಟ್ಟಿಯನ್ನೇ ತಂದು ಮೇಜಿನ ಮೇಲೆ ಸುರಿದ.