ಹಿಂದಿನ ಬೆಂಚಿನ ಪೆಪ್ಪರ್‌ಮೆಂಟು

"ಇದರೊಳಗೆ ಉಗುಳಿ," ಎಂದ ಆ ಗಂಡಸು, ಒಂದು ಕೊಳವೆಯನ್ನು ಮುಂದೆ ಹಿಡಿದು.

ಹಾರ್ಮ್ಕೆ ಅವನನ್ನು ದುರುಗುಟ್ಟಿ ನೋಡಿದಳು. ದಿನವಿಡೀ ಮೀನಿನ ಕರುಳು ಕೀಳುವ ಕೈ ಅವಳದು, ಹೇಸಿಗೆ ಹೊಸದೇನಲ್ಲ. ಆದರೂ ಪರಗಂಡಸಿನ ಎದುರು ಉಗುಳುವುದೆಂದರೆ... ಥೂ!

ಕಣ್ಣು ಮುಚ್ಚಿ ಉಗುಳಿದಳು. ಅರ್ಧ ಅವನ ತೋಳಿನ ಮೇಲೆ ಬಿತ್ತು.

"ಅಯ್ಯೋ..."

"ಪರವಾಗಿಲ್ಲ ಬಿಡಿ. ಇದೇ ನನ್ನ ಹೊಟ್ಟೆಪಾಡು," ಎಂದು ಅವನು ನಕ್ಕ. ಆ ನಗುವಿಗೆ ಅವಳ ಕಿವಿ ಬಿಸಿಯಾಯಿತು.

ಅವನು ಟ್ಯೂನಿಸ್. ಅವಳಿಗಳಲ್ಲಿ ರಕ್ತದಿಂದ ಬರುವುದೇನು, ಬೆಳೆದ ಮನೆಯಿಂದ ಬರುವುದೇನು ಎಂದು ಸಂಶೋಧನೆ ಮಾಡಲು ಆಮ್‌ಸ್ಟರ್‌ಡ್ಯಾಮಿನಿಂದ ಈ ಮೀನುಗಾರರ ಹಳ್ಳಿಗೆ ಬಂದಿದ್ದ. ಹಾರ್ಮ್ಕೆಯ ಅವಳಿ ಅಕ್ಕ ನೋರಾಳನ್ನೂ ಕರೆತಂದಿದ್ದ. ಇಬ್ಬರೂ ತೊಟ್ಟಿಲಲ್ಲಿದ್ದಾಗಲೇ ಅಪ್ಪ ಹೆಂಡತಿಯನ್ನು ಬಿಟ್ಟು, ನೋರಾಳನ್ನು ಎತ್ತಿಕೊಂಡು ನಗರ ಸೇರಿದ್ದ.

ಚರ್ಚಿನ ಪಕ್ಕದ ಕೋಣೆಯಲ್ಲಿ ಅಕ್ಕತಂಗಿಯರ ಮುಂದೆ ಬಿಸಿ ಹಾಲು ಬಂತು. ಇಬ್ಬರೂ ಒಟ್ಟಿಗೇ ಮೂಗು ಸಿಂಡರಿಸಿದರು. ಇಬ್ಬರೂ ಚಮಚದ ಹಿಂಬದಿಯಿಂದ ಕೆನೆಯನ್ನು ಎತ್ತಿ ಬಸಿಯ ಅಂಚಿಗೆ ಒರೆಸಿದರು.

ಟ್ಯೂನಿಸ್ ಕೇಳಿದ. "ಮನುಷ್ಯನ ಬದುಕು ಅವನ ಕೈಯಲ್ಲೇ ಇದೆಯಾ?"

"ಇಲ್ಲ. ದೇವರು ಮೊದಲೇ ಬರೆದಿಟ್ಟಿದ್ದಾನೆ," ಎಂದಳು ಹಾರ್ಮ್ಕೆ. ಅಮ್ಮ ಹಾಲಿನ ಜೊತೆಗೇ ಕುಡಿಸಿದ ಮಾತು ಅದು.

"ಎಲ್ಲಾ ನಮ್ಮ ಕೈಲೇ ಇದೆ," ಎಂದಳು ನೋರಾ. "ಅಪ್ಪ ಮೂರನೇ ಹೆಂಡ್ತೀನೂ ಬಿಟ್ಟ. ನಾನೂ ಯಾರ ಜೊತೇನೂ ನಿಂತೋಳಲ್ಲ. ಬೇಜಾರಾದ್ರೆ ಹೊರಟೆ, ಅಷ್ಟೇ."

ಹಾರ್ಮ್ಕೆ ಎರಡೂ ಬಸಿಗಳ ಅಂಚಿನ ಕೆನೆಯನ್ನು ನೋಡಿದಳು. ಅದೇ ಮೂಗು, ಅದೇ ಹೇಸಿಗೆ... ಹಾಗಾದರೆ ಬಿಟ್ಟು ಹೋಗುವ ಕಾಲುಗಳೂ ಅವೇ ಅಲ್ಲವೇ? ಅವಳಿಗೆ ತನ್ನ ಮೈಯೇ ಹೇಸಿಗೆಯೆನಿಸಿತು.

ಆ ಭಾನುವಾರ ಟ್ಯೂನಿಸ್ ಚರ್ಚಿಗೆ ಬಂದು ಅವಳ ಹಿಂದಿನ ಬೆಂಚಿನಲ್ಲಿ ಕುಳಿತ. ಅಲ್ಲಿ ಉಪದೇಶ ಅರ್ಧಕ್ಕೆ ಬಂದಾಗ ಎಲ್ಲರೂ ಒಂದು ಪೆಪ್ಪರ್‌ಮೆಂಟು ಬಾಯಿಗೆ ಹಾಕಿಕೊಳ್ಳುತ್ತಾರೆ. ಅದನ್ನು ಮನೆಯವರ ನಡುವೆ ಮಾತ್ರ ಹಂಚುವುದು. ಗಂಡು ಬೆಂಚು ದಾಟಿಸಿ ಹೆಣ್ಣಿಗೆ ಕೊಟ್ಟನೆಂದರೆ ಮದುವೆಯ ಮಾತು ಎತ್ತಿದಂತೆ.

ಹಾರ್ಮ್ಕೆ ಎರಡು ಸಲ ಕೆಮ್ಮಿದಳು. ಅವಳ ಭುಜದ ಪಕ್ಕ ಒಂದು ಕೈ ಬಂತು. ಕೈಯಲ್ಲಿ ಪೆಪ್ಪರ್‌ಮೆಂಟು!

ಅವಳು ತೆಗೆದುಕೊಂಡಳು. ಅದು ಕರಗುವವರೆಗೆ ಪಾದ್ರಿಯ ಒಂದು ಮಾತೂ ಅವಳ ತಲೆಗೆ ಹೋಗಲಿಲ್ಲ.

ಹೊರಗೆ ಬಂದಾಗ ಕೇಳಿದಳು. "ಅಮ್ಮನ ಹತ್ರ ಯಾವಾಗ ಮಾತಾಡ್ತೀರಿ?"

"ಯಾವ ಮಾತು?" ಟ್ಯೂನಿಸ್ ತಬ್ಬಿಬ್ಬಾದ. "ನಿಮಗೆ ಕೆಮ್ಮು ಬಂದಿತ್ತಲ್ಲ, ಅದಕ್ಕೆ ಕೊಟ್ಟೆ."

ಊರಿಗೆ ಊರೇ ನೋಡುತ್ತಿತ್ತು. ಅವಳ ಬಾಯೆಲ್ಲ ಕಹಿಯಾಯಿತು.

"ಸರಿ. ನಿಮಗೆ ಬೇಕಾಗಿದ್ದು ನನ್ನ ಉಗುಳು ಮಾತ್ರ."

ಮುಂದಿನ ಶನಿವಾರ ಅವನು ಮೀನಿನ ಮಂಡಿಗೇ ಬಂದ. ವಾಸನೆಗೆ ಮುಖ ಬಿಳುಚಿತ್ತು, ಬೂಟಿಗೆ ಕರುಳು ಅಂಟಿತ್ತು.

"ಪೆಪ್ಪರ್‌ಮೆಂಟಿನ ಅರ್ಥ ಈಗ ಗೊತ್ತಾಗಿದೆ. ನಾಳೆ ಗೊತ್ತಿದ್ದೇ ಕೊಡ್ತೀನಿ."

"ಕೊಡಬೇಡಿ," ಎಂದಳು ಅವಳು, ಚಾಕು ನಿಲ್ಲಿಸದೆ. "ನಂದು ಬಿಟ್ಟು ಹೋಗೋರ ರಕ್ತ. ಕೆನೆ ಎತ್ತಿ ಹಾಕಿದ ಹಾಗೆ ಒಂದಿನ ನಿಮ್ಮನ್ನೂ ಎತ್ತಿ ಹಾಕ್ತೀನಿ."

"ಕೆನೆ ಕಂಡ್ರೆ ಆಗದೇ ಇರೋದು ರಕ್ತದಲ್ಲಿ ಬಂದಿರಬಹುದು. ಎಲ್ಲಾ ಬರೆದಿದೆ ಅನ್ನೋ ನಂಬಿಕೆ ನಿಮ್ಮಮ್ಮನ ಮನೆಯಿಂದ ಬಂದಿರಬಹುದು. ಎರಡೂ ತೆಗೆದ ಮೇಲೆ ನಿಮ್ಮ ಕೈಲಿ ಉಳಿಯೋದು ಎಷ್ಟು ಅಂತ ನನಗೂ ಗೊತ್ತಿಲ್ಲ ಹಾರ್ಮ್ಕೆ."

"ಏನೂ ಉಳೀದಿದ್ರೆ?"

ವಾಸನೆ ತಡೆಯಲಾರದೆ ಅವನು ಬಾಗಿಲಾಚೆ ಹೋಗಿ ವಾಂತಿ ಮಾಡಿಕೊಂಡ. ಬಾಯಿ ಒರೆಸಿಕೊಂಡು ಮತ್ತೆ ಒಳಗೆ ಬಂದು ಅವಳ ಪಕ್ಕವೇ ನಿಂತ. ಅವಳು ಮುಂದಿನ ಮೀನು ಎತ್ತಿಕೊಂಡಳು.

ಮರುದಿನ ಬೆಳಿಗ್ಗೆ ಅಮ್ಮ ಹಾಲಿನ ಲೋಟ ಇಟ್ಟಳು. ಹಾರ್ಮ್ಕೆ ಚಮಚ ಎತ್ತುತ್ತಿದ್ದಂತೆ ಎಂದಿನ ಮಾತು ಬಂತು. "ತೆಗಿ, ತೆಗಿ. ಥೇಟ್ ಅಪ್ಪನ ಮಗಳು."

ಹಾರ್ಮ್ಕೆ ಕೆನೆಯನ್ನು ನೋಡಿದಳು. ಮುದುಡಿ, ಹಳದಿಗಟ್ಟಿ, ಸತ್ತ ಚರ್ಮದ ಹಾಗಿತ್ತು.

ಬಾಯಿಗೆ ಹಾಕಿಕೊಂಡಳು. ಅದು ನಾಲಿಗೆಗೆ ಅಂಟಿತು, ಗಂಟಲಲ್ಲಿ ಸಿಕ್ಕಿತು, ಕಣ್ಣಲ್ಲಿ ನೀರು ಬಂತು. ಆದರೂ ನುಂಗಿದಳು. ಅಮ್ಮ ಬಾಯಿ ತೆರೆದು ನೋಡುತ್ತಲೇ ಇದ್ದಳು.

ಚರ್ಚಿನಲ್ಲಿ ಉಪದೇಶ ಅರ್ಧಕ್ಕೆ ಬಂತು. ಹಿಂದೆ ಟ್ಯೂನಿಸ್‌ನ ಜೇಬಿನಲ್ಲಿ ಕಾಗದ ಸರಪರ ಎಂದಿತು.

ಅಷ್ಟರಲ್ಲಿ ಹಾರ್ಮ್ಕೆಯೇ ತಿರುಗಿ ಕೈ ಚಾಚಿದಳು. ಹೆಣ್ಣೊಬ್ಬಳು ಗಂಡಿಗೆ ಪೆಪ್ಪರ್‌ಮೆಂಟು ಕೊಟ್ಟಿದ್ದನ್ನು ಆ ಊರು ಕಂಡಿರಲೇ ಇಲ್ಲ. "ಮಾನ ಕಳೀತೀಯಾ, ಮುಂದೆ ತಿರುಗೇ," ಎಂದು ಅಮ್ಮ ಸಿಡುಕಿದಳು. ಅವಳು ಮುಂದೆ ತಿರುಗಲಿಲ್ಲ.

ಅವಳ ಅಂಗೈಯಲ್ಲಿದ್ದುದು ಎಂದಿನದೋ ಪೆಪ್ಪರ್‌ಮೆಂಟು, ಜೇಬಿನ ನೂಲೆಲ್ಲ ಅಂಟಿಕೊಂಡಿತ್ತು. ಟ್ಯೂನಿಸ್ ತೆಗೆದು ಬಾಯಿಗೆ ಹಾಕಿಕೊಂಡ.

ಹೊರಗೆ ಬಂದು ಇಬ್ಬರೂ ಸಮುದ್ರದ ಒಡ್ಡಿನ ಮೇಲೆ ನಿಂತರು.

"ಮೀನಿನ ವಾಸನೆ ಇತ್ತಾ?" ಎಂದಳು.

"ಇತ್ತು. ಒಂದು ಕೂದಲೂ ಇತ್ತು."

"ಉಗುಳಬಹುದಿತ್ತಲ್ಲ."

"ಮನಸ್ಸಾಗಲಿಲ್ಲ."

"ಬೆಳಿಗ್ಗೆ ನಾನು ಕೆನೆ ತಿಂದೆ, ಟ್ಯೂನಿಸ್."

ಅವನು ಗಕ್ಕನೆ ತಿರುಗಿದ. ಅವಳ ಕೈ ಹಿಡಿದುಕೊಂಡ.

"ಹೇಗಿತ್ತು?"

"ಥೂ... ಹೇಸಿಗೆ." ಅವಳು ಅವನ ಭುಜಕ್ಕೆ ಒರಗಿದಳು. "ನಾಳೇನೂ ತಿಂತೀನಿ."