ನೆಲದ ಮೇಲಿದ್ದ ರೊಟ್ಟಿ

ಫೆಬ್ರವರಿ ತಿಂಗಳ ಎರಡನೇ ಶನಿವಾರ, ಬೆಳಿಗ್ಗೆ ಒಂಬತ್ತೂಕಾಲಿಗೆ, ಸ್ಫಾಕ್ಸ್ ಪಟ್ಟಣದ ಹಳೇ ಕೋಟೆಬಾಗಿಲ ಠಾಣೆಗೆ ದೂರು ಬಂತು. ದೂರು ತಂದವರು ಸಿಹೆಮ್ ಎಂಬ ಹೆಂಗಸು. ಕೋಟೆಯ ಒಳಗೆ ಒಂದು ಹಳೆಯ ಎಣ್ಣೆ ಗೋದಾಮಿಗೆ ಸುಣ್ಣ ಬಳಿಸಿ ಗ್ಯಾಲರಿ ಮಾಡಿಕೊಂಡವರು. ಪ್ರದರ್ಶನಕ್ಕಿಟ್ಟ ಕಲಾಕೃತಿ ಬೆಳಗಾಗುವಷ್ಟರಲ್ಲಿ ಕಳುವಾಗಿದೆ ಎಂದರು. ಎಂಥ ಕೃತಿ ಎಂದು ಇನ್‌ಸ್ಪೆಕ್ಟರ್ ಮೊಂಸೆಫ್ ಕೇಳಿದ.

“ರೊಟ್ಟಿ.”

“ರೊಟ್ಟಿಯ ಚಿತ್ರವಾ?”

“ಅಲ್ಲ. ರೊಟ್ಟಿನೇ.”

ಬರೆದುಕೊಳ್ಳುತ್ತಿದ್ದ ಕಾನ್‌ಸ್ಟೇಬಲ್ ರಿದಾ ಪೆನ್ನು ಎತ್ತಿ ಸಾಹೇಬರ ಮುಖ ನೋಡಿದ. ಅಲ್ಲಿ ಏನೂ ಇರಲಿಲ್ಲ. ಮೊಂಸೆಫ್‌ನ ಮುಖದಲ್ಲಿ ಏನೂ ಕಾಣದೆ ಬಹಳ ವರ್ಷವಾಗಿತ್ತು. ಹೆಣ ಕಂಡರೂ ಅದೇ ಮುಖ, ಹಬ್ಬದ ಊಟಕ್ಕೆ ಕುಳಿತರೂ ಅದೇ ಮುಖ. ಬರೆದುಕೋ ಎಂದು ಕೈಯಲ್ಲೇ ಹೇಳಿದ. ಎಫ್‌ಐಆರ್‌ನಲ್ಲಿ ಕಳುವಾದ ಮಾಲು ಎಂಬ ಕಡೆ ‘ರೊಟ್ಟಿ, ಸುಮಾರು ಆರುನೂರು’ ಎಂದು ದಾಖಲಾಯಿತು.

ವಿಷಯ ಇಷ್ಟು. ದಲಂದಾ ಎಂಬ ಕಲಾವಿದೆ ಇದೇ ಊರಿನವಳು, ಹತ್ತೊಂಬತ್ತಕ್ಕೇ ಹೊರಟುಹೋಗಿ ಈಗ ಫ್ರಾನ್ಸಿನಲ್ಲಿ ಇರುವವಳು. ಗ್ಯಾಲರಿಯ ಹಾಲ್‌ನಲ್ಲಿ ಗೋಡೆಯಿಂದ ಗೋಡೆಗೆ, ಒಂದು ಅಂಗುಲವೂ ಬಿಡದಂತೆ, ನೆಲಕ್ಕೆಲ್ಲ ರೊಟ್ಟಿ ಹಾಸಿದ್ದಳು. ಬಾಗಿಲೆದುರಿನ ಗೋಡೆಯ ಮೇಲೆ ಅಂಗೈ ಅಗಲದ ಒಂದು ಫೋಟೋ. ಬಾಗಿಲಲ್ಲಿ ನಿಂತರೆ ಅದು ಏನೆಂದು ಕಾಣದು. ಕಾಣಬೇಕೆಂದರೆ ರೊಟ್ಟಿಯ ಮೇಲೆ ಕಾಲಿಟ್ಟು ಆಚೆಗೆ ಹೋಗಬೇಕು. ಶುಕ್ರವಾರ ಸಂಜೆ ಜನ ಬಂದರು, ಹೊಸ್ತಿಲಲ್ಲೇ ನಿಂತರು, ಬಾದಾಮಿ ಮಿಠಾಯಿ ತಿಂದು ಶರಬತ್ತು ಕುಡಿದು ಮನೆಗೆ ಹೋದರು. ಇಡೀ ಸಂಜೆ ಆ ನೆಲದ ಮೇಲೆ ನಡೆದವಳು ದಲಂದಾ ಒಬ್ಬಳೇ. ಕೃತಿಯನ್ನು ರಾಜಧಾನಿ ಟ್ಯೂನಿಸ್‌ನ ಒಬ್ಬರು ಮೊದಲೇ ಕೊಂಡಿದ್ದರಿಂದ ಈಗ ನಷ್ಟ ತನ್ನ ತಲೆಗೇ ಬರುತ್ತದೆ ಎಂದು ಸಿಹೆಮ್ ಹೇಳಿದರು.

ಹತ್ತು ಗಂಟೆಗೆ ಸ್ಥಳ ಮಹಜರು. ಬೀಗ ಮುರಿದಿರಲಿಲ್ಲ, ಕಿಟಕಿಯ ಸರಳು ಸರಿಯಾಗಿದ್ದವು. ಮೊಂಸೆಫ್ ಬೀಗ ಪರೀಕ್ಷಿಸಿ ಒಳಗೆ ಬರುವಷ್ಟರಲ್ಲಿ ರಿದಾ ಮೂಲೆಯಲ್ಲಿ ಉಳಿದಿದ್ದ ಅರ್ಧ ರೊಟ್ಟಿಯನ್ನು ಎತ್ತಿ, ಮುತ್ತಿಟ್ಟು, ಹಣೆಗೆ ಒತ್ತಿಕೊಂಡು ಕಿಟಕಿಕಟ್ಟೆಯ ಮೇಲೆ ಇಟ್ಟಾಗಿತ್ತು. ಅಷ್ಟಕ್ಕೇ ನಿಲ್ಲದೆ ನೆಲದ ಮೇಲಿನ ಚೂರುಗಳನ್ನೂ ಒಂದೊಂದಾಗಿ ಆಯ್ದು ಅಂಗೈಗೆ ತುಂಬಿಕೊಳ್ಳುತ್ತಿದ್ದ. ಹಿಟ್ಟಿನ ಪುಡಿಯಲ್ಲಿ ಮೂಡಿದ್ದ ಹೆಜ್ಜೆಗಳ ಮೇಲೆಲ್ಲ ಅವನ ಬೂಟಿನ ಗುರುತು.

“ರಿದಾ.”

“ಸಾಹೇಬ್ರೆ?”

“ಅದು ಸಾಕ್ಷಿ.”

ರಿದಾ ತನ್ನ ಕೈಯನ್ನು ತಾನೇ ನೋಡಿಕೊಂಡ. “ಕೈ ತಾನಾಗೇ ಹೋಯ್ತು ಸಾಹೇಬ್ರೆ.”

ಅವನನ್ನು ಬೈದು ಉಪಯೋಗವಿರಲಿಲ್ಲ. ಬೆರಳಚ್ಚಿನವನು ಬಂದವನೇ ಬಾಗಿಲ ಸಂದಿಯಲ್ಲಿದ್ದ ಇನ್ನೊಂದು ತುಂಡನ್ನು ಎತ್ತಿ ಅದೇ ಕಟ್ಟೆಯ ಮೇಲಿಟ್ಟ. ಮಹಜರಿನಲ್ಲಿ ‘ನೆಲದ ಮೇಲೆ ಗುರುತಿಸಬಹುದಾದ ಹೆಜ್ಜೆ ಸಿಗಲಿಲ್ಲ’ ಎಂದು ಬರೆಸಿ ಮೊಂಸೆಫ್ ಖಾಲಿ ಹಾಲ್ ದಾಟಿ ಆ ಫೋಟೋದ ಮುಂದೆ ನಿಂತ. ಒಲೆಯ ಬಾಯಿಗೆ ಮುಖ ಮಾಡಿ, ಉದ್ದ ಹಿಡಿಯ ಹಲಗೆ ಹಿಡಿದು ನಿಂತ ಒಬ್ಬ ಗಂಡಸಿನ ಬೆನ್ನು. ಬನಿಯನ್ ಬೆವರಿಗೆ ಅಂಟಿತ್ತು.

ಯಾರ ಮೇಲೆ ಅನುಮಾನ ಪಡುವುದೆಂದು ಕೇಳಿದಾಗ ರಿದಾ, “ಹಾಗೆ ನೋಡಿದ್ರೆ ಊರನ್ನೇ ಲಾಕಪ್ಪಿಗೆ ಹಾಕ್ಬೇಕು. ನನ್ನ ಹೆಂಡ್ತಿಗೆ ಗೊತ್ತಾಗಿದ್ರೆ ಅವಳೇ ಬಂದು ಎತ್ತಿರೋಳು,” ಎಂದ. ಆದರೆ ಸಿಹೆಮ್ ದೂರಿನಲ್ಲೇ ಒಂದು ಹೆಸರು ಬರೆದಿದ್ದರು. ಕಾವಲುಗಾರ ಖಮೀಸ್. ಬೀಗದ ಕೈ ಇರುವುದು ಎರಡೇ, ಒಂದು ಅವರ ಹತ್ತಿರ, ಇನ್ನೊಂದು ಅವನ ಹತ್ತಿರ. ಅಲ್ಲದೆ ಶುಕ್ರವಾರ ಸಂಜೆ, ಇದನ್ನು ತುಳಿಯುವವರ ಕಾಲು ಮುರಿಯಲಿ ಎಂದು ಎಲ್ಲರೆದುರು ಅಂದಿದ್ದನಂತೆ. ಮಧ್ಯಾಹ್ನವೇ ಅವನನ್ನು ಕರೆತಂದು ಕೂರಿಸಿದರು. ಅರವತ್ತು ದಾಟಿದ ಮನುಷ್ಯ. ಸಕ್ಕರೆ ಕಾಯಿಲೆ. ಬಲಗಾಲಿನ ಹೆಬ್ಬೆರಳಲ್ಲಿ ಮಾಯದ ಹುಣ್ಣು.

“ಬೀಗ ತೆಗೆದದ್ದು ಯಾರು ಖಮೀಸಜ್ಜ?”

“ರೊಟ್ಟಿ ನೆಲದ ಮೇಲಿತ್ತು. ಈಗಿಲ್ಲ.”

“ನಾನು ಅದನ್ನ ಕೇಳ್ಲಿಲ್ಲ.”

“ನಾನು ಹೇಳೋದು ಅಷ್ಟೇ. ಎತ್ತಿದೋರ ಹೊಟ್ಟೆ ತಣ್ಣಗಿರ್ಲಿ.”

“ನೀನೇ ಎತ್ತಿದ್ಯಾ?”

ಮುದುಕ ಚಪ್ಪಲಿ ಕಳಚಿ ಬಟ್ಟೆ ಸುತ್ತಿದ ಕಾಲನ್ನು ಮುಂದಕ್ಕೆ ಚಾಚಿದ. “ಈ ಕಾಲಲ್ಲಿ ಆರುನೂರು ಸಲ ಬಗ್ಗೋದಾ?”

ಸೋಮವಾರ ಬೆಳಿಗ್ಗೆ ಕಡತ ಸರಕಾರಿ ವಕೀಲರ ಕೈ ಸೇರುತ್ತದೆ, ಅಲ್ಲಿಂದ ನಿನ್ನನ್ನು ನೇರ ಜೈಲಿಗೆ ಹಾಕುತ್ತಾರೆ ಎಂದು ಮೊಂಸೆಫ್ ವಿವರಿಸಿದ. ಜೈಲಿನ ಒದ್ದೆ ನೆಲದಲ್ಲಿ ಇಂಥ ಕಾಲು ಏನಾಗುತ್ತದೆಂಬುದು ಇಬ್ಬರಿಗೂ ಗೊತ್ತಿತ್ತು. ಹಿಂದೆ ಎರಡು ಮೂರು ಜನ ಅಲ್ಲಿಂದ ಒಂಟಿ ಕಾಲಲ್ಲಿ ಬಂದದ್ದನ್ನು ಮೊಂಸೆಫ್ ನೋಡಿದ್ದ. ಖಮೀಸ್ ತಲೆಯಾಡಿಸಿ, ಇನ್ಸುಲಿನ್ ಸೂಜಿ ಹೆಂಡತಿಯ ಹತ್ತಿರ ಇದೆ, ತರಿಸಿಕೊಡಿ ಎಂದಷ್ಟೇ ಕೇಳಿದ. ಅವನು ಯಾರನ್ನೋ ಕಾಪಾಡುತ್ತಿದ್ದ. ಅಯ್ಯೋ ಅನ್ನಿಸಬೇಕಾಗಿತ್ತು, ಮೊಂಸೆಫ್‌ಗೆ ಅನ್ನಿಸಲಿಲ್ಲ. ಕಡತದಲ್ಲಿ ಹೆಸರು ತಪ್ಪಾಗಿದೆ ಎಂಬುದು ಮಾತ್ರ ಚಪ್ಪಲಿಯೊಳಗಿನ ಕಲ್ಲಿನಂತೆ ಒತ್ತುತ್ತಿತ್ತು.

ಸಂಜೆ ದಲಂದಾಳ ಹೇಳಿಕೆ ಪಡೆಯಲು ಅವಳ ಬಾಡಿಗೆ ಕೋಣೆಗೆ ಹೋದರು. ಗಿಡ್ಡ ಕೂದಲು, ನಲವತ್ತು ದಾಟಿದ ವಯಸ್ಸು. ಕುರ್ಚಿ ಕೊಟ್ಟು ತಾನು ನಿಂತೇ ಇದ್ದಳು. ಯಾರ ಮೇಲೂ ಅನುಮಾನವಿಲ್ಲ ಎಂದಳು. ರೊಟ್ಟಿ ಎಲ್ಲಿಂದ ತರಿಸಿದ್ದು ಎಂದರೆ ಒಂದು ಬೇಕರಿ ಎಂದಳು. ಯಾವುದು ಎಂದರೆ, ಬೇರೆ ಬೇರೆ ಕಡೆಯಿಂದ ಎಂದಳು. ಮೊಂಸೆಫ್ ಎರಡನ್ನೂ ಬರೆದುಕೊಂಡ.

“ಖಮೀಸ್‌ನ ಹಿಡಿದಿದ್ದೀವಿ,” ಎಂದ.

ಅವಳು ಕಿಟಕಿಯ ಕಡೆ ತಿರುಗಿದಳು. “ಬಿಡ್ತೀರಲ್ವಾ?”

“ಇಲ್ಲ.”

ಅವಳು ಹೇಳಿಕೆಯನ್ನು ಓದದೆಯೇ ಸಹಿ ಹಾಕಿದಳು.

ಭಾನುವಾರ ಠಾಣೆಯಲ್ಲಿ ಮೊಂಸೆಫ್ ಒಂದೇ ವಿಷಯ ಹಿಡಿದು ಕುಳಿತ. ಆರುನೂರು ರೊಟ್ಟಿ ಎಲ್ಲಿಗೆ ಹೋಗುತ್ತದೆ? ಸಿಹೆಮ್ ಹೇಳಿದಂತೆ ಬುಧವಾರ ಬೆಂದದ್ದು, ಒಣಗಿ ಕಟ್ಟಿಗೆಯಾಗಿತ್ತು, ಮನುಷ್ಯರಿಗೆ ಕೊಡುವ ಹಾಗಿಲ್ಲ. ಎತ್ತಿದವನು ಎಂಥವನೇ ಆಗಲಿ, ಈ ಊರಿನಲ್ಲಿ ಹುಟ್ಟಿದ್ದರೆ ಕಸದ ತೊಟ್ಟಿಗೆ ಹಾಕುವುದಿಲ್ಲ. ಒಣ ರೊಟ್ಟಿಯನ್ನು ಚೀಲದಲ್ಲಿ ಕಟ್ಟಿ ಬಾಗಿಲ ಪಕ್ಕದ ಮೊಳೆಗೆ ನೇತುಹಾಕುತ್ತಾರೆ, ಕುರಿ ಸಾಕುವವರು ಬಂದು ಒಯ್ಯುತ್ತಾರೆ. ರಿದಾನನ್ನು ಓಣಿಯಲ್ಲಿ ಓಡಾಡಿಸಿದರು. ಮೊಳೆಗಳಲ್ಲಿ ದಿನದ ಚೀಲಗಳೇ ಇದ್ದವು, ಹೆಚ್ಚಿನದು ಒಂದೂ ಇರಲಿಲ್ಲ. ಹಾಗಾದರೆ ಗಾಡಿ ತಂದು ಒಟ್ಟಿಗೇ ತುಂಬಿಕೊಂಡು ಹೋದವರು ಯಾರೋ ಇದ್ದಾರೆ.

“ಕೋಟೆ ಓಣಿ ಯಾರ ಪಾಲು?” ಎಂದ ಮೊಂಸೆಫ್. ಕುರಿಯವರು ಓಣಿಗಳನ್ನು ತಮ್ಮತಮ್ಮಲ್ಲೇ ಹಂಚಿಕೊಂಡಿರುತ್ತಾರೆ, ಒಬ್ಬರ ಮೊಳೆಗೆ ಇನ್ನೊಬ್ಬರು ಕೈ ಹಾಕುವುದಿಲ್ಲ.

“ಲಸ್ಸಾದ್‌ದು ಸಾಹೇಬ್ರೆ.”

ಊರ ಹೊರಗಿನ ಆಲಿವ್ ತೋಟಗಳ ಅಂಚಿನಲ್ಲಿ ಲಸ್ಸಾದ್‌ನ ಕೊಟ್ಟಿಗೆ. ಹಿಂಡಿಯ ಕಮಟು ವಾಸನೆ, ಒಂದು ನಾಯಿ, ಇಪ್ಪತ್ತರಷ್ಟು ಕುರಿ. ಗೋಡೆಗೆ ಒರಗಿಸಿದ್ದ ಹಿಟ್ಟಿನ ಚೀಲಗಳ ತುಂಬ ರೊಟ್ಟಿ. ಲಸ್ಸಾದ್ ಹೆದರಲಿಲ್ಲ. ಕದ್ದದ್ದಲ್ಲ, ಕರೆದು ಕೊಟ್ಟದ್ದು ಎಂದ. ಮಸೀದಿಯ ಬೆಳಗಿನ ಬಾಂಗಿಗೆ ಮೊದಲು ಗಾಡಿ ತಗೊಂಡು ಬಾ ಎಂದು ಫೋನ್ ಬಂದಿತ್ತಂತೆ. ಹೋದರೆ ಬಾಗಿಲಲ್ಲಿ ಗಿಡ್ಡ ಕೂದಲಿನ ಹೆಂಗಸು, ಮಾತು ಮಾತ್ರ ಹಳೇ ಕಾಲದ ಅಜ್ಜಿಯರ ಮಾತು, ಎಷ್ಟೋ ವರ್ಷ ಆಡದೆ ಪೆಟ್ಟಿಗೆಯಲ್ಲಿ ಇಟ್ಟ ಹಾಗೆ.

“ಒಂದನ್ನೂ ಗಾಡಿಗೆ ಎಸೆಯಕ್ಕೆ ಬಿಡ್ಲಿಲ್ಲ ಸಾಹೇಬ್ರೆ. ಒಂದೊಂದೇ ಕೈಗೆ ಕೊಟ್ಟಳು. ಅಕ್ಕಾ, ತಿನ್ನೋದು ಕುರಿ, ಬೇಜಾರು ಮಾಡ್ಕೊಳಲ್ಲ ಅಂದೆ. ನಗ್ಲೂ ಇಲ್ಲ.”

“ಅದು ಕಲಾಕೃತಿ,” ಎಂದ ರಿದಾ.

ಲಸ್ಸಾದ್ ಕುರಿಗಳ ಕಡೆ ನೋಡಿದ. “ಮೊದ್ಲೇ ಹೇಳ್ಬಾರ್ದಾ? ಎರಡು ಚೀಲ ತಿಂದು ಮುಗಿಸಿದಾವೆ. ಒಂದೂ ಏನೂ ಅಭಿಪ್ರಾಯ ಹೇಳ್ಲಿಲ್ಲ.”

ಉಳಿದದ್ದನ್ನು ಪಂಚನಾಮೆ ಮಾಡಿ ವಶಪಡಿಸಿಕೊಂಡರು. ಒಂದು ರೊಟ್ಟಿಯ ಮೇಲೆ ಹೆಂಗಸಿನ ಬೂಟಿನ ಹಿಮ್ಮಡಿಯ ಗುರುತಿತ್ತು. ಅದನ್ನು ಬೇರೆ ಕಾಗದದಲ್ಲಿ ಕಟ್ಟಿದರು. ಚೀಲಗಳನ್ನು ಜೀಪಿನ ಸೀಟಿನ ಮೇಲೆ ಇರಿಸಿ, ಕಾಲಿಡುವ ಜಾಗದಲ್ಲಿ ರಿದಾ ತಾನು ಮುದುಡಿ ಕುಳಿತ.

ಸಂಜೆ ಆರಕ್ಕೆ ದಲಂದಾಳನ್ನು ಠಾಣೆಗೆ ಕರೆಸಿದರು. ಮೇಜಿನ ಮೇಲಿನ ಚೀಲ ನೋಡಿದ ಮೇಲೆ ಅವಳು ಏನನ್ನೂ ಅಲ್ಲಗಳೆಯಲಿಲ್ಲ. ಸ್ವರ ಏರಲೂ ಇಲ್ಲ, ಇಳಿಯಲೂ ಇಲ್ಲ. ಕೇಳುವವನಂತೆಯೇ ಹೇಳುವವಳೂ ಮರಗಟ್ಟಿದ್ದಳು.

“ಯಾಕೆ?”

“ಶುಕ್ರವಾರ ಜನ ಎಲ್ಲ ಹೋದ ಮೇಲೆ ಫೋನ್ ಬಂತು. ನಾಳೆ ಬರ್ತೀನಿ ಅಂದ್ರು.”

“ಯಾರು?”

“ಅಪ್ಪ.”

ಅವಳ ಅಪ್ಪ ಹಾಜಿ ಮಬ್ರೂಕ್, ಊರಿನ ಉತ್ತರ ಭಾಗದಲ್ಲಿ ಬೇಕರಿ ನಡೆಸುವವರು. ಮಗಳು ಊರು ಬಿಟ್ಟಂದಿನಿಂದ ಹಬ್ಬಕ್ಕೊಂದು ಫೋನು ಬಿಟ್ಟರೆ ಮಾತಿಲ್ಲ. ಅವಳ ಒಂದು ಪ್ರದರ್ಶನವನ್ನೂ ಅವರು ನೋಡಿದವರಲ್ಲ. ಗೋಡೆಯ ಮೇಲಿನ ಬೆನ್ನು ಅವರದೇ. ರೊಟ್ಟಿಯೂ ಅವರ ಒಲೆಯದೇ. ದಾನದ ಊಟಕ್ಕೆ ಎಂದು ಸುಳ್ಳು ಹೇಳಿ ಬೇರೆಯವರ ಕೈಯಲ್ಲಿ ತರಿಸಿದ್ದಳು.

“ಅವರ ರೊಟ್ಟಿ ಮೇಲೆ ಕಾಲಿಟ್ಟೇ ನಾನು ಅಷ್ಟು ದೂರ ಹೋಗಿದ್ದು,” ಎಂದಳು. “ಅದನ್ನ ಹೇಳ್ಬೇಕಿತ್ತು. ಬೇರೆಯವರಿಗೆ. ಅವರಿಗಲ್ಲ.”

“ಖಮೀಸ್?”

“ಬೀಗದ ಕೈ ಕೊಟ್ರು. ಯಾರಿಗೂ ಹೇಳಲ್ಲ ಅಂದ್ರು. ಒಂದಿನದಲ್ಲಿ ಬಿಟ್ಬಿಡ್ತೀರಿ ಅಂದ್ಕೊಂಡೆ.”

“ಬಿಡಲ್ಲ ಅಂದಿದ್ದೆ ನಿಮಗೆ.”

ಅವಳು ಮೇಜಿನ ಮೇಲೆ ಉದುರಿದ್ದ ರೊಟ್ಟಿಯ ಚೂರನ್ನು ಎತ್ತಿ ಚೀಲಕ್ಕೆ ಹಾಕಿದಳು.

ಗ್ಯಾಲರಿಯ ವಶದಲ್ಲಿದ್ದ ಮಾಲು ಸಾಗಿಸಿದ್ದು, ಪೊಲೀಸರಿಗೆ ಸುಳ್ಳು ಹೇಳಿಕೆ ಕೊಟ್ಟದ್ದು, ಎರಡಕ್ಕೂ ದಲಂದಾಳನ್ನು ಬಂಧಿಸಲಾಯಿತು. ಅದೇ ಹೊತ್ತಿಗೆ ಖಮೀಸ್‌ನನ್ನು ಬಿಟ್ಟರು. ಹೆಂಡತಿಯ ಹೆಗಲು ಹಿಡಿದು ಕುಂಟುತ್ತಾ ಹೊರಟವನು ದಲಂದಾಳ ಎದುರು ನಿಂತು, “ಮಗಳೇ, ನಾನು ಹೇಳ್ಲಿಲ್ಲ,” ಎಂದ. ಹೌದಜ್ಜ ಎಂದಳು ಅವಳು. ಆಮೇಲೆ ಮೊಂಸೆಫ್ ಕಡೆ ತಿರುಗಿ, ರೊಟ್ಟಿ ಯಾತಕ್ಕೆ ಹೋಯಿತೆಂದು ಅಪ್ಪನಿಗೆ ತಿಳಿಸಬೇಡಿ ಎಂದು ಕೇಳಿಕೊಂಡಳು. ಮಾಲನ್ನು ಮಾಡಿದವರು ಗುರುತಿಸಲೇಬೇಕು, ಅದು ನಿಯಮ ಎಂದ ಅವನು.

ಸೋಮವಾರ ಬೆಳಿಗ್ಗೆ ಏಳಕ್ಕೆ ಮೊಂಸೆಫ್ ಮತ್ತು ರಿದಾ ಬೇಕರಿಗೆ ಹೋದರು. ಹಾಜಿ ಮಬ್ರೂಕ್‌ರ ಹುಬ್ಬು ಒಲೆಯ ಝಳಕ್ಕೆ ಉದುರಿಹೋಗಿತ್ತು. ಗಿರಾಕಿಗಳನ್ನು ಕಳಿಸಿ ಒಳಗೆ ಕರೆದರು. ಮೊಂಸೆಫ್ ಕಾಗದ ಬಿಚ್ಚಿ ರೊಟ್ಟಿ ಮುಂದಿಟ್ಟ. ಮುದುಕರು ಅದನ್ನು ತಿರುಗಿಸಿ ಅಡಿಯನ್ನು ಬೆರಳಿನಿಂದ ತಟ್ಟಿದರು.

“ನಮ್ದೇ. ಬುಧವಾರದ್ದು.”

“ಯಾತಕ್ಕೆ ಅಂತ ತಗೊಂಡ್ರು, ಗೊತ್ತಾ?”

ಅವರ ಬೆರಳು ಹಿಮ್ಮಡಿಯ ಗುರುತಿನ ಸುತ್ತ ಹೋಗಿ ನಿಂತಿತು. “ತುಳಿಯೋಕೆ.”

ಮೊಂಸೆಫ್ ಬರೆಯುವುದನ್ನು ನಿಲ್ಲಿಸಿದ.

“ದಾನದ ಊಟಕ್ಕೆ ಅಂತಾರೆ, ಒಣಗಿದ್ರೂ ಪರವಾಗಿಲ್ಲ ಅಂತಾರೆ. ನಾನೇನು ನಿನ್ನೆ ಮೊನ್ನೆ ಒಲೆ ಹಚ್ಚಿದೋನಾ ಸಾಹೇಬ್ರೆ? ಗ್ಯಾಲರಿ ಎದುರಿನ ಚಹಾದವನು ನನ್ನ ಹತ್ರಾನೇ ರೊಟ್ಟಿ ತಗೋತಾನೆ. ಗುರುವಾರ ಅವರು ರೊಟ್ಟಿ ಹಾಸೋವಾಗ ಚಹಾ ಕೊಡೋಕೆ ಒಳಗೆ ಹೋದೋನು, ಬಂದು ಎಲ್ಲ ಹೇಳಿದ. ಅಲ್ಲೊಂದು ಬೆನ್ನಿದೆ, ನಿಮ್ಮ ಬೆನ್ನಿನ ಥರಾ ಇದೆ ಅಂದ.”

“ಮತ್ತೆ ಶನಿವಾರ ಬರ್ತೀನಿ ಅಂದದ್ದು? ಜಗಳಕ್ಕಾ?”

“ದಾಟೋಕೆ,” ಎಂದರು ಮಬ್ರೂಕ್. “ಚಪ್ಪಲಿ ಕೈಲಿ ಹಿಡ್ಕೊಂಡು ದಾಟೋಣ ಅಂತಿದ್ದೆ. ಕಾಲು ತೊಳ್ಕೊಂಡು ಬಂದಿದ್ದೆ. ನಿಮ್ಮ ಈ ಹುಡುಗ ಬಾಗಿಲಲ್ಲೇ ನಿಲ್ಲಿಸಿ ವಾಪಸ್ ಕಳಿಸಿದ.”

ರಿದಾ ನೆಲ ನೋಡಿದ. ಅವರು ಹೇಳಿದ್ದನ್ನು ಮೊಂಸೆಫ್ ಇದ್ದ ಹಾಗೇ ಬರೆದುಕೊಂಡು ಓದಿ ಹೇಳಿದ. ಮುದುಕರು ಹಿಟ್ಟಿನ ಕೈ ಒರೆಸಿಕೊಂಡು ಹೆಬ್ಬೆಟ್ಟು ಒತ್ತಿದರು. ಮಗಳು ಎಲ್ಲಿದ್ದಾಳೆ ಎಂದು ಕೇಳಿದರು. ಠಾಣೆಯಲ್ಲಿ ಎಂದ ಮೊಂಸೆಫ್. ಅವರು ಒಲೆಯ ಕಡೆ ತಿರುಗಿದರು.

ಸಾಕ್ಷಿಯ ಹೇಳಿಕೆಯನ್ನು ಆರೋಪಿಗೆ ಓದಿ ಹೇಳಿದ ಮೇಲೆಯೇ ಕಡತ ಮುಚ್ಚುವುದು ಮೊಂಸೆಫ್‌ನ ಪದ್ಧತಿ. ಒಂಬತ್ತಕ್ಕೆ ಅವನು ಲಾಕಪ್ಪಿನ ಮುಂದೆ ಸ್ಟೂಲು ಹಾಕಿಕೊಂಡು ಕುಳಿತು, ಎಲ್ಲ ಹೇಳಿಕೆಗಳನ್ನೂ ಓದುವ ಸ್ವರದಲ್ಲೇ ಇದನ್ನೂ ಓದಿದ. ಹೆಸರು, ವಯಸ್ಸು, ಕಸುಬು, ವಿಳಾಸ, ಹೇಳಿಕೆ, ಹೆಬ್ಬೆಟ್ಟಿನ ಗುರುತು. ದಲಂದಾ ಸರಳು ಹಿಡಿದು ಕೇಳಿಸಿಕೊಂಡಳು. ಅಳಲಿಲ್ಲ. ಓದಿ ಮುಗಿದ ಮೇಲೂ ಕೈ ತೆಗೆಯಲಿಲ್ಲ.

“ಕಾಲು ತೊಳ್ಕೊಂಡು ಅಂತ ಅಂದ್ರಲ್ಲ,” ಎಂದಳು. “ಅದು ಎಲ್ಲಿದೆ?”

ಮೊಂಸೆಫ್ ಹಾಳೆಯನ್ನು ಸರಳಿನ ಹತ್ತಿರ ತಂದು, ಆ ಸಾಲಿನ ಕೆಳಗೆ ಬೆರಳಿಟ್ಟು ತೋರಿಸಿದ. ಹೊರಗೆ, ಅವಳನ್ನು ಸರಕಾರಿ ವಕೀಲರ ಹತ್ತಿರ ಒಯ್ಯಬೇಕಿದ್ದ ಜೀಪು ಹಾರ್ನ್ ಹೊಡೆಯಿತು. ಅವನು ಬೆರಳು ತೆಗೆಯಲಿಲ್ಲ.